ಗುಡುಗುಮಳೆ, ಹಠಾತ್ ನೆರೆ ಮತ್ತು ನಮ್ಮ ಆರೋಗ್ಯ

“ಹೈದರಾಬಾದ್, ರಂಗಾರೆಡ್ಡಿ ಮತ್ತು ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆಗಳ ಅಲ್ಲಲ್ಲಿ ಗುಡುಗು ಸಿಡಿಲಿನಿಂದ ಕೂಡಿದ ಭಾರೀ ಮಳೆಯಾಗುವ ಸಂಭವವಿದೆ. ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದ ಗಾಳಿ ಬೀಸಬಹುದು.”

ಬೇಸಗೆಯ ನಡುವಿನಿಂದ ಹಿಡಿದು ದೀಪಾವಳಿಯ ಆಸುಪಾಸಿನವರೆಗೆ ಇಂಥ ವಾಕ್ಯಗಳನ್ನು ನಾವು ರೇಡಿಯೋದಲ್ಲಿ ಕೇಳುತ್ತೇವೆ, ಪತ್ರಿಕೆಯಲ್ಲಿ ಓದುತ್ತೇವೆ, ಈಚೆಗಂತೂ ಕೈಯಲ್ಲಿರುವ ಮೊಬೈಲಿನ ಪರದೆಯ ಮೇಲೆಯೇ ಕಾಣುತ್ತೇವೆ. ಕಂಡೊಡನೆ ನಮ್ಮಲ್ಲಿ ಬಹುಮಂದಿ ಮಾಡುವ ಕೆಲಸ ಎರಡರಲ್ಲೊಂದು: ಕೊಡೆ ಎಲ್ಲಿದೆಯೆಂದು ಹುಡುಕುವುದು, ಇಲ್ಲವೇ “ಇವರು ಹೇಳಿದ ದಿನ ಮಳೆ ಬಂದದ್ದುಂಟೇ?” ಎಂದು ನಕ್ಕು ಸುಮ್ಮನಾಗುವುದು. ಆದರೆ ಆ ಎರಡು ಸಾಲುಗಳ ಹಿಂದೆ ಇರುವ ಶಾಸ್ತ್ರವೇನು, ಅದರಲ್ಲಿ ನಮಗಾಗಿ ಇರುವ ಸೂಚನೆ ಯಾವುದು, ಅದು ಹೇಳದೆ ಬಿಡುವುದು ಏನು ಎಂಬುದನ್ನು ತಿಳಿದುಕೊಂಡರೆ, ಎಷ್ಟೋ ಮನೆಗಳು ಕಷ್ಟದಿಂದ ಪಾರಾಗಬಹುದು.

ಆರೋಗ್ಯ ಲೇಖನಗಳ ನಡುವೆ ಹವಾಮಾನದ ಮಾತೇಕೆ ಎಂದು ಕೆಲವರು ಕೇಳಬಹುದು. ಮಳೆ ನೆರೆಗಳಿಂದ ಆಗುವ ಸಾವುಗಳಲ್ಲಿ ನೀರಿನಲ್ಲಿ ಮುಳುಗಿ ಆಗುವಂಥವು ಒಂದು ಭಾಗ ಮಾತ್ರ. ಸಿಡಿಲು, ವಿದ್ಯುತ್ ಸ್ಪರ್ಶ, ಗೋಡೆಯ ಕುಸಿತ, ಅನಂತರದ ವಾರಗಳಲ್ಲಿ ಬರುವ ವಾಂತಿಭೇದಿ, ಇಲಿಜ್ವರ, ಡೆಂಗ್ಯೂ ಇವೆಲ್ಲ ಅದೇ ಮಳೆಯ ಹಿಂದೆ ಬರುವ ಅನಿಷ್ಟಗಳು. ಇವುಗಳಲ್ಲಿ ಹೆಚ್ಚಿನವು ಮುನ್ನೆಚ್ಚರಿಕೆಯಿಂದ ತಪ್ಪುವಂಥವು. ಆದುದರಿಂದ ಮಳೆಯ ಮುನ್ಸೂಚನೆಯನ್ನೂ ನಾವು ವೈದ್ಯರ ಸಲಹೆಯಂತೆಯೇ ಕಾಣಬೇಕು.

ಒಂದು ಹಳೆಯ ದುರಂತ, ಒಬ್ಬ ಕನ್ನಡಿಗರ ಪರಿಹಾರ

ಈ ನಗರದ ಹಳಬರು ಇಂದಿಗೂ ‘ತುಗ್ಯಾನಿ’ ಎಂದು ನೆನೆಯುವ ಮಹಾಪೂರ ಬಂದದ್ದು 1908ರ ಸೆಪ್ಟೆಂಬರ್ 28ರಂದು. ನಮ್ಮ ಲೆಕ್ಕದಲ್ಲಿ ಅದು ಹಸ್ತಾ ಮಳೆಯ ಕಾಲ. ವಿಕಾರಾಬಾದಿನ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟುವ ಮೂಸಿ ನದಿ, ಕಲಬುರಗಿಯಿಂದ ರೈಲಿನಲ್ಲಿ ಬರುವ ನಮ್ಮವರು ನಿತ್ಯ ಕಾಣುವ ಆ ಸೌಮ್ಯ ಪ್ರದೇಶದಿಂದ ಇಳಿದು ಬಂದು, ಒಂದೇ ದಿನದಲ್ಲಿ ನಗರದ ಹೃದಯವನ್ನು ಕೊಚ್ಚಿಹಾಕಿತು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಸುಮಾರು 19,000 ಮನೆಗಳು ನೆಲಸಮವಾದವು. 80,000ದಷ್ಟು ಜನ ನಿರಾಶ್ರಿತರಾದರು. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ತಾಯಿ, ಹೆಂಡತಿ, ಮಗಳು ಮೂವರನ್ನೂ ಅಂದು ಕಳೆದುಕೊಂಡರು. ಅಫ್ಜಲ್‌ಗಂಜಿನ ಒಂದು ಹುಣಸೆಮರವನ್ನು ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಉಸ್ಮಾನಿಯಾ ಆಸ್ಪತ್ರೆಯ ಬಳಿ ಆ ಮರವನ್ನು ಇಂದಿಗೂ ತೋರಿಸುವುದುಂಟು.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರಕಾರ ಆಗ ಪರಿಹಾರಕ್ಕಾಗಿ ಕರೆಸಿದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರಕಾರದ ಸೇವೆಯಿಂದ ಹೊರಬಂದು ವಿದೇಶ ಪ್ರವಾಸದಲ್ಲಿದ್ದ ಅವರು 1909ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದರು. ನಗರದ ಪುನರ್ನಿರ್ಮಾಣ, ಮುಂದೆ ನೆರೆ ಬಾರದಂತೆ ರಕ್ಷಣೆ, ಸಮಗ್ರವಾದ ಚರಂಡಿ ವ್ಯವಸ್ಥೆ ಎಂಬ ಮೂರು ಕಾರ್ಯಗಳನ್ನು ಅವರಿಗೆ ಒಪ್ಪಿಸಲಾಗಿತ್ತು. ಅವರು ಮೊದಲು ಕೇಳಿದ ಪ್ರಶ್ನೆ ಎಷ್ಟು ನೀರು ಬಂತೆಂಬುದಷ್ಟೇ ಅಲ್ಲ. ಅದು ಎಲ್ಲಿಂದ ಬಂತು ಎಂಬುದು. ನಗರಕ್ಕೆ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಸುಮಾರು 780 ಕೆರೆಗಳಿದ್ದವು. ಆ ಮಳೆಯಲ್ಲಿ ಅವುಗಳ ಪೈಕಿ 220ರಷ್ಟು ಒಡೆದಿದ್ದವು. ಅಂದರೆ ಆಕಾಶದಿಂದ ಬಿದ್ದ ನೀರಿಗೆ, ಒಂದರ ಮೇಲೊಂದು ಒಡೆದ ಕೆರೆಗಳ ನೀರೂ ಸೇರಿ ನಗರದ ಮೇಲೆ ಬಿತ್ತು.

ನಗರದ ಮೇಲ್ಗಡೆಯೇ ನೀರನ್ನು ತಡೆದು ನಿಲ್ಲಿಸಿ, ಆಮೇಲೆ ನದಿಯು ತಾಳುವಷ್ಟನ್ನೇ ಬಿಡಬೇಕೆಂಬುದು ಅವರ ಸಲಹೆ. ಅದರ ಫಲವಾಗಿ ಮೂಸಿಯ ಮೇಲೆ 1920ರಲ್ಲಿ ಉಸ್ಮಾನ್ ಸಾಗರವೂ, ಅದರ ಉಪನದಿ ಈಸಿಯ ಮೇಲೆ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಗಂಡಿಪೇಟೆಯ ಸಿಹಿನೀರೆಂದು ನಮ್ಮ ಹಿರಿಯರು ಹೊಗಳಿ ಕುಡಿದದ್ದು ಈ ಉಸ್ಮಾನ್ ಸಾಗರದ ನೀರನ್ನೇ. ವಿಶ್ವೇಶ್ವರಯ್ಯನವರು ಅದೇ 1909ರ ನವೆಂಬರ್‌ನಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರರಾಗಿ ಹೋದರು. ಅವರು ಹಾಕಿಕೊಟ್ಟ ಯೋಜನೆ ಮಾತ್ರ ಇಲ್ಲಿ ಉಳಿದು ಕೆಲಸ ಮಾಡುತ್ತ ಬಂದಿದೆ.

ಸಾಗರಗಳು ಕಾಯುವುದೆಷ್ಟು?

ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳತಕ್ಕದ್ದೇ. ಆದರೆ ಈ ಹೆಮ್ಮೆಯ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. “ಎರಡು ಸಾಗರಗಳು ಇರುವಾಗ ಹೈದರಾಬಾದಿಗೆ ನೆರೆಯ ಭಯವಿಲ್ಲ” ಎಂಬುದೇ ಆ ತಿಳಿವಳಿಕೆ. ಆ ಎರಡು ಜಲಾಶಯಗಳು ಹಿಡಿಯಬಲ್ಲದ್ದು ತಮ್ಮ ಮೇಲ್ಭಾಗದಲ್ಲಿ, ಅಂದರೆ ನಗರದ ಪಶ್ಚಿಮ ಮತ್ತು ನೈಋತ್ಯದಲ್ಲಿ ಬಿದ್ದ ಮಳೆಯನ್ನು ಮಾತ್ರ. ನಗರದ ನೆತ್ತಿಯ ಮೇಲೆಯೇ ಬಿದ್ದ ಮಳೆ ಅವುಗಳ ಕೆಳಗೆ ಬಿದ್ದ ಮಳೆ. ಅದನ್ನು ತಡೆಯುವ ಶಕ್ತಿ ಅವುಗಳಿಗಿಲ್ಲ.

2000ದ ಆಗಸ್ಟ್ 24ರಂದು ಬೇಗಂಪೇಟೆಯ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 24 ಸೆಂಟಿಮೀಟರ್ ಮಳೆ ದಾಖಲಾಯಿತು. ವರ್ಷವಿಡೀ ಈ ನಗರದಲ್ಲಿ ಬೀಳುವುದೇ ಸರಾಸರಿ ಸುಮಾರು 80 ಸೆಂಟಿಮೀಟರ್. ಒಂದು ವರ್ಷದ ಮಳೆಯ ಮೂರರಲ್ಲೊಂದು ಪಾಲಿನಷ್ಟು ಒಂದೇ ದಿನದಲ್ಲಿ ಸುರಿದಾಗ ಹುಸೇನ್ ಸಾಗರದಿಂದ ಇಳಿಯುವ ನಾಲೆಯ ಇಕ್ಕೆಲದ ಬಡಾವಣೆಗಳು ನೀರಿನಲ್ಲಿ ಮುಳುಗಿದವು.

2020ರ ಅಕ್ಟೋಬರ್ 13ರ ಚಿತ್ತಾ ಮಳೆಯನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಬಂಗಾಳಕೊಲ್ಲಿಯಲ್ಲಿ ಎದ್ದ ತೀವ್ರ ವಾಯುಭಾರ ಕುಸಿತವು ಅಂದು ಬೆಳಗ್ಗೆ ಕಾಕಿನಾಡದ ಬಳಿ ಕರಾವಳಿಯನ್ನು ದಾಟಿ ತೆಲಂಗಾಣದ ಮೇಲೆ ಬಂತು. ಬೇಗಂಪೇಟೆಯಲ್ಲಿ 19 ಸೆಂಟಿಮೀಟರ್, ಪೂರ್ವದ ಘಟ್‌ಕೇಸರ್ ಕಡೆ 30 ಸೆಂಟಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಪೂರ್ವದ ಈ ಭಾಗಗಳು ಜಲಾಶಯಗಳಿಗಿಂತ ಬಹಳ ಕೆಳಗಿರುವಂಥವು. ಹಳೆಯ ನಗರದ ದಕ್ಷಿಣಕ್ಕೆ ಪಲ್ಲೆ ಚೆರುವು, ಕೆಲವೇ ದಿನಗಳ ಮೇಲೆ ಗುರ್ರಂ ಚೆರುವು ಒಡೆದು, ಹಾಫಿಜ್ ಬಾಬಾ ನಗರದಂಥ ಬಸ್ತಿಗಳಿಗೆ ನೀರು ನುಗ್ಗಿತು. 1908ರಲ್ಲಿ ಕಂಡ ಕೆರೆ ಒಡೆಯುವ ಆ ದೃಶ್ಯವೇ ನಗರದೊಳಗೆ ಮತ್ತೆ ನಡೆಯಿತು. ಅದೇ ವಾಯುಭಾರ ಕುಸಿತ ಪಶ್ಚಿಮಕ್ಕೆ ಸರಿದು ನಮ್ಮ ತವರಿನ ಮೇಲೂ ಸುರಿಯಿತು. ಆ ವಾರವೇ ಭೀಮಾ ನದಿ ಉಕ್ಕಿ ಕಲಬುರಗಿ, ವಿಜಯಪುರ ಜಿಲ್ಲೆಗಳ ಊರುಗಳು ಜಲಾವೃತವಾದವು. ಇಲ್ಲಿ ಮನೆಯೊಳಗೆ ನೀರು, ಅಲ್ಲಿ ಊರಿಗೆ ಫೋನ್ ಸಿಗದ ಆತಂಕ, ಎರಡನ್ನೂ ಒಟ್ಟಿಗೆ ಅನುಭವಿಸಿದ ಕುಟುಂಬಗಳು ನಮ್ಮವು.

ಜಲಾಶಯಗಳು ತುಂಬಿದಾಗಲೂ ಬೇರೊಂದು ಬಗೆಯ ಅಪಾಯವಿದೆ. ಉಸ್ಮಾನ್ ಸಾಗರದ ಪೂರ್ಣಮಟ್ಟ 1,790 ಅಡಿ, ಹಿಮಾಯತ್ ಸಾಗರದ್ದು 1,763.5 ಅಡಿ. ಈ ಅಂಕಿಗಳ ಸಮೀಪ ನೀರು ಬಂದಿದೆಯೆಂದು ಪತ್ರಿಕೆಯಲ್ಲಿ ಓದಿದರೆ, ಬಾಗಿಲು ತೆರೆಯುವ ಕಾಲ ಹತ್ತಿರವಾಯಿತೆಂದು ತಿಳಿಯಬೇಕು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಕಡೆಯಿಂದ ನೀರು ಬಿಟ್ಟಾಗ ಮೂಸಿ ಉಕ್ಕಿ, ನಾವು ಬೀದರ, ರಾಯಚೂರು, ಕಲಬುರಗಿಗಳ ಬಸ್ಸು ಹತ್ತುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಕ್ಕೆ ನುಗ್ಗಿತು. ಅಲ್ಲಿ ಸಿಕ್ಕಿಬಿದ್ದಿದ್ದ ಪ್ರಯಾಣಿಕರನ್ನು ಹೊರಗೆ ಕರೆತರಬೇಕಾಯಿತು.

ಗುಡುಗುಮೋಡದ ಜನನ

ಈಗ ಮೇಲೆ ನೋಡೋಣ. ಏಪ್ರಿಲ್, ಮೇ ತಿಂಗಳಲ್ಲಿ ದಖ್ಖನ್ನಿನ ಬಂಡೆನೆಲ ಕಾಯುತ್ತದೆ. ಕಾದ ನೆಲಕ್ಕೆ ತಾಗಿದ ಗಾಳಿ ಹಗುರವಾಗಿ ಮೇಲೇಳುತ್ತದೆ. ಅದೇ ಸಮಯಕ್ಕೆ ಬಂಗಾಳಕೊಲ್ಲಿಯಿಂದ ತೇವಾಂಶ ತುಂಬಿದ ಗಾಳಿ ಒಳನಾಡಿಗೆ ಬಂದು, ವಾಯವ್ಯದ ಒಣಗಾಳಿಯನ್ನು ಸಂಧಿಸುತ್ತದೆ. ಮೇಲೇರಿದ ಆವಿ ತಂಪಾಗಿ ಹನಿಗಟ್ಟುವಾಗ ತನ್ನೊಳಗಿನ ಉಷ್ಣವನ್ನು ಹೊರಗೆ ಬಿಡುತ್ತದೆ. ಆ ಉಷ್ಣ ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಹೀಗೆ ತನ್ನ ಬೆಂಕಿಗೆ ತಾನೇ ಇಂಧನವಾಗಿ ಬೆಳೆಯುವ ಮೋಡ ಒಂದೆರಡು ಗಂಟೆಗಳಲ್ಲಿ 12 ಕಿಲೋಮೀಟರಿಗೂ ಮೇಲಕ್ಕೆ ಏರಬಲ್ಲುದು. ಮಧ್ಯಾಹ್ನ ಹೂಕೋಸಿನಂತೆ ಕಂಡ ಬಿಳಿಯ ಮೋಡ ಸಂಜೆಗೆ ಕಮ್ಮಾರನ ಅಡಿಗಲ್ಲಿನಂತೆ ತಲೆ ಚಪ್ಪಟೆಯಾಗಿ, ಬುಡ ಕಪ್ಪಾಗಿ ನಿಂತಿದ್ದರೆ ಅದೇ ಗುಡುಗುಮೋಡ.

ಮೇಲ್ಗಡೆಯ ಹಿಮದ ಹರಳುಗಳೂ ಆಲಿಕಲ್ಲುಗಳೂ ಪರಸ್ಪರ ಉಜ್ಜಿ ವಿದ್ಯುದಾವೇಶ ಬೇರ್ಪಡುವುದರಿಂದ ಸಿಡಿಲು ಹುಟ್ಟುತ್ತದೆ. ಹನಿಗಳ ಭಾರ ಹೆಚ್ಚಾದಾಗ ಮಳೆಯೊಡನೆ ತಣ್ಣನೆಯ ಗಾಳಿಯೂ ಧೊಪ್ಪನೆ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ. ಮಳೆಗೆ ಕೆಲವು ನಿಮಿಷ ಮುಂಚೆ ಬೀಸುವ ತಂಗಾಳಿ ಅದೇ. ‘ಆಹಾ’ ಎಂದು ಮಾಳಿಗೆಗೆ ಹೋಗಿ ನಿಲ್ಲುವ ಆ ಗಾಳಿಯೇ ಮರ, ಜಾಹೀರಾತು ಫಲಕ, ತಗಡು ಮತ್ತು ಗೋಡೆಗಳನ್ನು ಬೀಳಿಸುವಂಥದು. 2024ರ ಮೇ 7ರಂದು, ಭರಣಿ ಮಳೆಯ ಕಾಲದಲ್ಲಿ, ಬಾಚುಪಲ್ಲಿಯಲ್ಲಿ ಕಟ್ಟಡವೊಂದರ ತಡೆಗೋಡೆ ಮಳೆಗೆ ಕುಸಿದು, ಹೊರರಾಜ್ಯಗಳಿಂದ ದುಡಿಯಲು ಬಂದಿದ್ದ ಏಳು ಮಂದಿ ತಮ್ಮ ಗುಡಿಸಲುಗಳಲ್ಲಿಯೇ ಸತ್ತರು. ಅವರೂ ನಮ್ಮಂತೆ ಊರು ಬಿಟ್ಟು ಬಂದವರೇ.

ಹಿರಿಯರು ಭರಣಿ, ಕೃತ್ತಿಕಾ, ರೋಹಿಣಿ ಎಂದು ಮಳೆಗಳನ್ನು ಎಣಿಸಿ ಕಾಲದ ಸ್ವಭಾವವನ್ನು ತಿಳಿದಿದ್ದರು. ಆ ತಿಳಿವು ಕೃಷಿಗೆ ಸಾಕು; ನಗರದ ನೆರೆಗೆ ಸಾಲದು. ಪಂಚಾಂಗ ಋತುವನ್ನು ಹೇಳೀತು, ಗಂಟೆಯನ್ನು ಹೇಳಲಾರದು.

ನೀರಿನ ಲೆಕ್ಕ

ಮಳೆಯನ್ನು ಸೆಂಟಿಮೀಟರಿನಲ್ಲಿ ಹೇಳಿದಾಗ ಅದರ ಪ್ರಮಾಣ ನಮ್ಮ ಮನಸ್ಸಿಗೆ ತಟ್ಟುವುದಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಮೇಲೆ 10 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 11,000 ಲೀಟರ್. ಏಪ್ರಿಲ್‌ನಲ್ಲಿ ನಾವು ಹಣ ತೆತ್ತು ತರಿಸುವ 5,000 ಲೀಟರಿನ ಟ್ಯಾಂಕರುಗಳಲ್ಲಿ ಎರಡನ್ನು ತುಂಬಿಸಿ ಮಿಕ್ಕುವ ನೀರು ಅದು! ಒಂದು ಚದರ ಕಿಲೋಮೀಟರ್ ಬಡಾವಣೆಯ ಮೇಲೆ ಅದೇ ಮಳೆ 10 ಕೋಟಿ ಲೀಟರ್, ಅಂದರೆ 20,000 ಟ್ಯಾಂಕರ್ ನೀರು.

ಹೊಲದಲ್ಲಿ ಈ ನೀರಿನ ಬಹುಪಾಲು ಇಂಗುತ್ತದೆ, ಕೆರೆಯಲ್ಲಿ ನಿಲ್ಲುತ್ತದೆ. ಹೈದರಾಬಾದಿನ ನೆಲವೋ ಮೊದಲೇ ಬಂಡೆ; ಅದರ ಮೇಲೆ ನಾವು ಕಾಂಕ್ರೀಟು ಹಾಸಿದ್ದೇವೆ. ಇಂಗಲು ಎಡೆಯಿಲ್ಲದ ನೀರು ತಗ್ಗನ್ನು ಹುಡುಕಿ ಓಡುತ್ತದೆ. ದಾರಿಯಲ್ಲಿ ನಾಲಾ ಕಿರಿದಾಗಿದ್ದರೆ, ಕಸ ತುಂಬಿದ್ದರೆ, ಕೆರೆಯಿದ್ದಲ್ಲಿ ಮನೆಗಳಿದ್ದರೆ, ಆ ಮನೆಗಳೇ ಅದಕ್ಕೆ ಕೆರೆಯಾಗುತ್ತವೆ. ಮಳೆ ಬಿದ್ದ ಆರು ಗಂಟೆಯೊಳಗೆ, ಅನೇಕ ಸಲ ಒಂದೇ ಗಂಟೆಯೊಳಗೆ, ಹೀಗೆ ಏರುವ ನೀರಿಗೆ ಹಠಾತ್ ನೆರೆ ಎಂದು ಹೆಸರು.

ನಮ್ಮ ಬಡಾವಣೆ ತಗ್ಗಿನದೋ ಎಂದು ತಿಳಿಯಲು ಎಂಜಿನಿಯರರೇ ಬರಬೇಕಿಲ್ಲ. ಮೊದಲು ಹೆಸರನ್ನು ನೋಡಿ. ತೆಲುಗಿನ ‘ಕುಂಟ’ ಎಂದರೆ ನಮ್ಮ ಕುಂಟೆ, ಕಟ್ಟೆ. ‘ಚೆರುವು’ ಎಂದರೆ ಕೆರೆ. ನಲ್ಲಕುಂಟ, ಮಾಸಾಬ್ ಟ್ಯಾಂಕ್ ಮೊದಲಾದ ಹೆಸರುಗಳು ನೀರಿನ ಹಳೆಯ ವಿಳಾಸಗಳು. ಅಂಬರ್‌ಪೇಟೆಯಲ್ಲಿ ಕಣ್ಮರೆಯಾಗಿದ್ದ ಬತುಕಮ್ಮ ಕುಂಟವನ್ನು 2025ರಲ್ಲಿ ಅಗೆದು ಮತ್ತೆ ಕೆರೆಯಾಗಿಸಿದರು. ಹೆಸರಾದ ಮೇಲೆ ಹಳೆಯ ನಿವಾಸಿಗಳನ್ನು ಕೇಳಿ: 2000ದಲ್ಲಿ, 2020ರಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಗಚ್ಚಿಬೌಲಿ, ಕೊಂಡಾಪುರ, ಮಿಯಾಪುರಗಳ ಹೊಸ ವಸತಿಗಳಿಗೆ ಈಚೆಗೆ ಬಂದಿರುವ ನಮ್ಮ ತರುಣ ಕುಟುಂಬಗಳು, ಮನೆ ಗೊತ್ತುಮಾಡುವ ಮುಂಚೆ ಬಾಡಿಗೆಯೊಡನೆ ಈ ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು.

ಮುನ್ಸೂಚನೆಯನ್ನು ಓದುವ ಬಗೆ

ಭಾರತ ಹವಾಮಾನ ಇಲಾಖೆಯ ಹೈದರಾಬಾದ್ ಕೇಂದ್ರ ಬೇಗಂಪೇಟೆಯಲ್ಲಿದೆ. ಅದರ ಪ್ರಕಟಣೆಗಳಲ್ಲಿ ಪ್ರತಿ ಪದಕ್ಕೂ ಅಳತೆಯುಂಟು. 24 ಗಂಟೆಗಳಲ್ಲಿ 7ರಿಂದ 11 ಸೆಂಟಿಮೀಟರ್ ಮಳೆಯಾದರೆ ‘ಭಾರೀ’, 12ರಿಂದ 20 ಆದರೆ ‘ಅತಿ ಭಾರೀ’, 21 ಅಥವಾ ಮಿಕ್ಕಿದರೆ ‘ಅತ್ಯಂತ ಭಾರೀ’. ‘ಅಲ್ಲಲ್ಲಿ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲಿನಲ್ಲಿ ಮಳೆ ಎಂದರ್ಥ. ಗುಡುಗುಮೋಡದ ಹರವು ಕೆಲವೇ ಕಿಲೋಮೀಟರ್. ಕೂಕಟ್‌ಪಲ್ಲಿಯಲ್ಲಿ ರಸ್ತೆ ಹೊಳೆಯಾಗಿರುವಾಗ ಕಾಚಿಗುಡದಲ್ಲಿ ಧೂಳು ಏಳುತ್ತಿರಬಹುದು. ಕಾಚಿಗುಡದವರು “ಮುನ್ಸೂಚನೆ ಸುಳ್ಳಾಯಿತು” ಎಂದರೆ ಅದು ಅಲ್ಲಲ್ಲಿ ಎಂಬ ಪದವನ್ನು ಓದದ ತಪ್ಪು.

ಎಚ್ಚರಿಕೆಗೆ ನಾಲ್ಕು ಬಣ್ಣಗಳಿವೆ. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನವಿಟ್ಟು ಮುಂದಿನ ಪ್ರಕಟಣೆ ನೋಡುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕಾಯದೆ ಕಾರ್ಯಪ್ರವೃತ್ತರಾಗಿ. ಇದಲ್ಲದೆ ರೇಡಾರಿನಲ್ಲಿ ಮೋಡಗಳನ್ನು ನೋಡಿ, ಮುಂದಿನ ಮೂರು ಗಂಟೆಗಳಿಗೆ ಮಾತ್ರ ಅನ್ವಯಿಸುವ ತತ್ಕಾಲದ ಮುನ್ಸೂಚನೆಯನ್ನೂ ಕೊಡುತ್ತಾರೆ. ಗುಡುಗುಮಳೆಯ ಮಟ್ಟಿಗೆ ಅತ್ಯಂತ ಉಪಯುಕ್ತವಾದದ್ದು ಇದೇ. ಮೂರು ದಿನ ಮುಂಚಿನ ಮುನ್ಸೂಚನೆ ಯಾವ ಜಿಲ್ಲೆ ಎಂದು ಹೇಳಬಲ್ಲುದು. ಮೂರು ಗಂಟೆ ಮುಂಚಿನದು ಹೆಚ್ಚುಕಡಿಮೆ ಯಾವ ದಿಕ್ಕಿನ ಬಡಾವಣೆ ಎಂದು ಹೇಳಬಲ್ಲುದು. ಸಿಡಿಲಿನ ಎಚ್ಚರಿಕೆಗಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ‘ದಾಮಿನಿ’ ಎಂಬ ಮೊಬೈಲ್ ಆ್ಯಪನ್ನು ಒದಗಿಸಿದ್ದಾರೆ. ಹಠಾತ್ ನೆರೆಯ ಅಪಾಯವನ್ನು ಮುಂಚಿತವಾಗಿ ಅಂದಾಜು ಮಾಡುವ ದಕ್ಷಿಣ ಏಷ್ಯಾದ ಮಾರ್ಗದರ್ಶಿ ವ್ಯವಸ್ಥೆಯೊಂದನ್ನು ಹವಾಮಾನ ಇಲಾಖೆ 2020ರ ಅಕ್ಟೋಬರ್‌ನಲ್ಲಿ ಆರಂಭಿಸಿತು.

ಆದರೆ ಒಂದು ಮಾತನ್ನು ಮರೆಯಬಾರದು. ಆಕಾಶದಿಂದ ಎಷ್ಟು ನೀರು ಬೀಳುವುದೆಂದು ಇಲಾಖೆ ಹೇಳೀತು. ಬಿದ್ದ ನೀರು ನಿಮ್ಮ ಬೀದಿಯಲ್ಲಿ ಎತ್ತ ಹರಿದೀತೆಂದು ಅದು ಹೇಳಲಾರದು. 5 ಸೆಂಟಿಮೀಟರ್ ಮಳೆ ದಿನವಿಡೀ ಹನಿದರೆ ಯಾರಿಗೂ ತೊಂದರೆಯಿಲ್ಲ. ಒಂದೇ ಗಂಟೆಯಲ್ಲಿ ಸುರಿದರೆ ತಗ್ಗಿನ ಮನೆ ಮುಳುಗುತ್ತದೆ, ದಿಬ್ಬದ ಮನೆಗೆ ಏನೂ ಆಗದು. ಮುನ್ಸೂಚನೆಯ ಅರ್ಧ ಬೇಗಂಪೇಟೆಯಲ್ಲಿದೆ, ಉಳಿದರ್ಧ ನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿದೆ. ಎರಡನ್ನೂ ಕೂಡಿಸಿ ಓದುವುದು ನಮ್ಮ ಕೆಲಸ.

ಎಚ್ಚರಿಕೆಗೂ ನೀರಿಗೂ ನಡುವಣ ಮೂರು ಗಂಟೆ

ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಬಂದಾಗ ಮಾಡಬೇಕಾದ ಕೆಲಸಗಳು ಕಡಿಮೆ, ಆದರೆ ಅವುಗಳನ್ನು ಆಗಲೇ ಮಾಡಬೇಕು. ನೆಲಮಾಳಿಗೆಯಲ್ಲಿ, ಇಲ್ಲಿನವರು ಸೆಲ್ಲಾರ್ ಎನ್ನುವ ಕಡೆ, ಇಟ್ಟ ವಾಹನವನ್ನು ಮಳೆಗೆ ಮುಂಚೆಯೇ ಮೇಲೆ ತನ್ನಿ. ಕುಡಿಯುವ ನೀರು, ಟಾರ್ಚು, ತುಂಬಿದ ಮೊಬೈಲು, ನಿತ್ಯದ ಔಷಧಿಗಳು, ಮುಖ್ಯ ಕಾಗದಪತ್ರಗಳು ಒಂದು ಚೀಲದಲ್ಲಿರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆ ಒಂದು ವಾರಕ್ಕಾಗುವಷ್ಟಿರಲಿ. ವಿದ್ಯುತ್ ಹೋಗಿ ಫ್ರಿಜ್ ನಿಂತರೆ ಇನ್ಸುಲಿನ್ ಸೀಸೆಯನ್ನು ಒದ್ದೆಯಾಗದಂತೆ ಮುಚ್ಚಿ ಮಣ್ಣಿನ ಕೊಡದ ತಂಪಿನಲ್ಲಿಡಬಹುದು. ಡಯಾಲಿಸಿಸ್ ಬೇಕಾದವರೂ ದಿನ ತುಂಬಿದ ಗರ್ಭಿಣಿಯರೂ ಆಸ್ಪತ್ರೆಯನ್ನು ತಲುಪುವ ದಾರಿಯನ್ನು ಮುಂಚೆಯೇ ಯೋಚಿಸಿರಬೇಕು.

ನೀರು ಒಳಗೆ ಬರುವಂತಿದ್ದರೆ, ಬರುವ ಮುಂಚೆಯೇ, ಒಣಗಿದ ಕೈಯಿಂದ ಮೇನ್ ಸ್ವಿಚ್ ಆರಿಸಿ. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟಬಾರದು. ಸೆಲ್ಲಾರಿಗೆ ನೀರು ನುಗ್ಗಿದ ಮೇಲೆ ಸ್ಕೂಟರ್ ತರಲೆಂದು ಇಳಿಯಲೇಬಾರದು. ಅಲ್ಲಿ ಮೀಟರುಗಳೂ ಮೋಟಾರೂ ಇರುತ್ತವೆ. ನೀರು ಇಳಿಜಾರಿನಿಂದ ರಭಸವಾಗಿ ಬರುವಾಗ ಮೇಲೇರಲು ಆಗುವುದಿಲ್ಲ. ಲಿಫ್ಟನ್ನು ಬಳಸಬೇಡಿ.

ಕಚೇರಿಯಲ್ಲಿದ್ದವರು ಅಲ್ಲಿಯೇ ಉಳಿಯುವುದು ಜಾಣತನ. “ಹೇಗಾದರೂ ಮನೆ ಸೇರಬೇಕು” ಎಂಬ ಹಂಬಲವೇ ಎಷ್ಟೋ ಜೀವಗಳನ್ನು ತೆಗೆದಿದೆ. ಹರಿಯುವ ನೀರು 15 ಸೆಂಟಿಮೀಟರ್ ಆಳವಿದ್ದರೂ ವಯಸ್ಕನ ಕಾಲು ತಪ್ಪಿಸಬಲ್ಲುದು. 30 ಸೆಂಟಿಮೀಟರಾದರೆ ಸಣ್ಣ ಕಾರನ್ನೇ ತೇಲಿಸಬಲ್ಲುದು, 60 ಆದರೆ ಹೆಚ್ಚಿನ ಕಾರುಗಳನ್ನೆಲ್ಲ ಎಳೆದೊಯ್ಯಬಲ್ಲುದು. ಕೆಂಪು ನೀರಿನ ಅಡಿಯಲ್ಲಿ ನಾಲಾ ಎಲ್ಲಿ, ತೆರೆದ ಮ್ಯಾನ್‌ಹೋಲ್ ಎಲ್ಲಿ ಎಂದು ಕಾಣುವುದಿಲ್ಲ. ಮನೆಯಲ್ಲಿರುವವರು “ಇನ್ನೂ ಬರಲಿಲ್ಲವೇ?” ಎಂದು ಹತ್ತು ಸಲ ಫೋನ್ ಮಾಡುವ ಬದಲು, “ಅಲ್ಲೇ ಇರಿ, ಮಳೆ ನಿಂತ ಮೇಲೆ ಬನ್ನಿ” ಎಂದು ಒಂದೇ ಸಲ ಹೇಳಿದರೆ ಅದೇ ದೊಡ್ಡ ಉಪಕಾರ. ಆಪತ್ತಿನಲ್ಲಿ 112ಕ್ಕೂ, ಆಂಬ್ಯುಲೆನ್ಸಿಗೆ 108ಕ್ಕೂ ಕರೆಮಾಡಬಹುದು.

ಸಿಡಿಲು ಬಡಿದಾಗ

ನಮ್ಮ ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಬಲಿಯಾಗುತ್ತಾರೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಮರದ ಕೆಳಗೆ ನಿಲ್ಲಬೇಡಿ. ಒಣಹಾಕಿದ ಬಟ್ಟೆಗೂ ಹಪ್ಪಳ ಸಂಡಿಗೆಗೂ ಮಾಳಿಗೆಗೆ ಓಡಬೇಡಿ. ಅವು ನೆನೆದರೆ ಮತ್ತೆ ಒಣಗುತ್ತವೆ. ಆ ಹೊತ್ತಿನಲ್ಲಿ ಸ್ನಾನ, ಪಾತ್ರೆ ತೊಳೆಯುವುದು ಬೇಡ; ಕೊಳಾಯಿಯ ಲೋಹದ ಮೂಲಕವೂ ವಿದ್ಯುತ್ ಬರಬಲ್ಲುದು.

ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ತಗಲುತ್ತದೆಂಬ ಭಯ ಬಹಳ ಮಂದಿಗಿದೆ. ಇದು ತಪ್ಪು. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಡಮಾಡದೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತ, ಸಹಾಯ ಬರುವವರೆಗೂ ನಿಲ್ಲಿಸಬಾರದು. ತಂತಿ ತಗಲಿ ಬಿದ್ದವರ ವಿಷಯ ಮಾತ್ರ ಬೇರೆ: ಮೊದಲು ವಿದ್ಯುತ್ ಸಂಪರ್ಕ ಕಡಿದ ಮೇಲೆಯೇ ಅವರನ್ನು ಮುಟ್ಟಬೇಕು.

ನೀರು ಇಳಿದ ಮೇಲೆ

ನೆರೆ ಇಳಿದಾಗ ಅಪಾಯ ಮುಗಿಯಿತೆಂದು ನಿಟ್ಟುಸಿರು ಬಿಡುತ್ತೇವೆ. ವೈದ್ಯರ ದೃಷ್ಟಿಯಲ್ಲಿ ಆಗ ಎರಡನೆಯ ಅಧ್ಯಾಯ ಆರಂಭವಾಗುತ್ತದೆ. ಸಂಪಿನೊಳಗೆ ಚರಂಡಿಯ ನೀರು ಸೇರಿದ್ದರೆ ಅದನ್ನು ಖಾಲಿಮಾಡಿ, ಉಜ್ಜಿ ತೊಳೆದು, ಬ್ಲೀಚಿಂಗ್ ಪುಡಿಯಿಂದ ಶುದ್ಧಿ ಮಾಡಿಸಬೇಕು. ಅಲ್ಲಿಯವರೆಗೆ ಕುಡಿಯುವ ನೀರನ್ನು ಕುದಿಸಲೇಬೇಕು. ಬರಿಯ ಬಿಸಿಯಾದರೆ ಸಾಲದು, ಗುಳ್ಳೆಯೆದ್ದು ಮರಳಬೇಕು. ವಾಂತಿಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.

ಇಲಿಯ ಮೂತ್ರದಿಂದ ನೆರೆನೀರಿಗೆ ಸೇರುವ ಸೂಕ್ಷ್ಮಜೀವಿಗಳು ಕಾಲಿನ ಸಣ್ಣ ಗಾಯದ ಮೂಲಕ ದೇಹವನ್ನು ಹೊಕ್ಕು ಇಲಿಜ್ವರವನ್ನು ತರುತ್ತವೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮೀನಖಂಡಗಳಲ್ಲಿ ತೀವ್ರ ನೋವು, ಕೆಂಪಾದ ಕಣ್ಣು ಕಾಣಿಸುತ್ತವೆ. ಬೇಗ ಚಿಕಿತ್ಸೆಯಾದರೆ ವಾಸಿಯಾಗುವ ಈ ರೋಗ, ತಡವಾದರೆ ಮೂತ್ರಪಿಂಡ ಯಕೃತ್ತುಗಳನ್ನು ಕೆಡಿಸುತ್ತದೆ. ವೈದ್ಯರ ಬಳಿ ಹೋದಾಗ “ನೆರೆನೀರಿನಲ್ಲಿ ಓಡಾಡಿದ್ದೆ” ಎಂದು ಹೇಳುವುದನ್ನು ಮರೆಯಬೇಡಿ. ಆ ಒಂದು ಮಾತಿನಿಂದ ರೋಗನಿದಾನ ಸುಲಭವಾಗುತ್ತದೆ. ಕೆಸರು ಬಳಿಯುವಾಗ ಬೂಟು, ಕೈಗವಸು ಹಾಕಿಕೊಳ್ಳಿ. ಗಾಯವಾದರೆ ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ಕಪಾಟಿನ ಹಿಂದೆ, ಮೆಟ್ಟಿಲ ಕೆಳಗೆ ಹಾವು ಸೇರಿರಬಹುದು. ಕೋಲಿನಿಂದ ತಟ್ಟಿ ನೋಡಿ ಕೈಯಿಡಿ.

ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ಮಾಳಿಗೆಯ ಡಬ್ಬ, ಹೂಕುಂಡದ ತಟ್ಟೆ, ಹಳೆಯ ಟೈರುಗಳನ್ನು ಬರಿದುಮಾಡಬೇಕು. ಜ್ವರ ಬಂದರೆ ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಆ್ಯಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ನುಂಗಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಸಂಘವೊಂದು ಮಾಡಬಹುದಾದದ್ದು

ಊರಿನಲ್ಲಾದರೆ ಹೊಳೆ ಏರಿದಾಗ ಯಾರ ಮನೆ ಮೊದಲು ಮುಳುಗುವುದೆಂದು ಓಣಿಗೆಲ್ಲ ಗೊತ್ತಿರುತ್ತದೆ. ಕೂಗಿದರೆ ಹತ್ತು ಜನ ಬರುತ್ತಾರೆ. ಮಹಾನಗರದಲ್ಲಿ ಪಕ್ಕದ ಬಾಗಿಲಿನವರ ಹೆಸರೂ ತಿಳಿಯದು. ನಮ್ಮ ಸಂಘಗಳು ರಾಜ್ಯೋತ್ಸವ, ದಸರೆಗಳಿಗೆ ಸದಸ್ಯರ ಪಟ್ಟಿ ಇಟ್ಟುಕೊಳ್ಳುತ್ತವೆ. ಅದೇ ಪಟ್ಟಿಯಲ್ಲಿ ಇನ್ನೆರಡು ಅಂಕಣ ಸೇರಿಸೋಣ: ಮನೆ ತಗ್ಗಿನಲ್ಲಿದೆಯೇ, ಅಲ್ಲಿ ಒಂಟಿಯಾಗಿರುವ ವೃದ್ಧರು ಅಥವಾ ಕಾಯಿಲೆಯವರು ಇದ್ದಾರೆಯೇ? ಕೆಂಪು ಎಚ್ಚರಿಕೆ ಬಂದ ದಿನ, ದಿಬ್ಬದ ಮೇಲಿನ ಒಂದೊಂದು ಮನೆಯವರು ತಗ್ಗಿನ ಒಂದೊಂದು ಮನೆಗೆ ಫೋನ್ ಮಾಡಿ “ಇವತ್ತು ರಾತ್ರಿ ನಮ್ಮಲ್ಲಿಗೆ ಬನ್ನಿ” ಎಂದರೆ, ಅದಕ್ಕೆ ಯಾವ ಖರ್ಚೂ ಇಲ್ಲ.

ನೂರು ವರ್ಷಗಳಿಗೂ ಹಿಂದೆ ಈ ನಗರಕ್ಕೆ ಬಂದ ಕನ್ನಡಿಗರೊಬ್ಬರು, ಅಳುವ ಜನರ ನಡುವೆ ನಿಂತು, ನೀರು ಎಲ್ಲಿಂದ ಬಂತೆಂದು ಶಾಂತವಾಗಿ ಲೆಕ್ಕ ಹಾಕಿದರು. ಅವರು ನದಿಗೆ ಮಾಡಿದ ಲೆಕ್ಕವನ್ನು ನಾವು ನಮ್ಮ ನಮ್ಮ ಬೀದಿಗೆ ಮಾಡಿಕೊಂಡರೆ ಸಾಕು. ಮುಂದಿನ ಸಲ ಆ ಎರಡು ಸಾಲಿನ ಮುನ್ಸೂಚನೆ ಕೇಳಿದಾಗ, ಕೊಡೆ ಹುಡುಕುವ ಮುಂಚೆ, ನೀರು ಹರಿಯುವ ದಾರಿಯಲ್ಲಿ ಯಾರಿದ್ದಾರೆಂದು ಒಮ್ಮೆ ಯೋಚಿಸೋಣ.